ಮಗ ಎಂತ ಮಾಡ್ತಾನೆ ಅಂತ ಕೇಳಿದರೆ ಏನು ಹೇಳಲಿ?

ಪ್ರಶ್ನೆ: ನಮ್ಮದು ಪೆರ್ಲದ ಹತ್ತಿರ ಎರಡು ಎಕರೆ ಅಡಿಕೆ ತೋಟ. ಮಗನಿಗೆ 24 ವರ್ಷ. ಬಿ.ಕಾಂ. ಮುಗಿಸಿ ಮಂಗಳೂರಿನಲ್ಲಿ ಒಂದು ಖಾಸಗಿ ಕಂಪನಿಗೆ ಸೇರಿದ್ದ. ತಿಂಗಳಿಗೆ 16,000 ರೂಪಾಯಿ ಸಂಬಳ. ಅದನ್ನು ಬಿಟ್ಟು ಮನೆಗೆ ಬಂದು 14 ತಿಂಗಳಾಯಿತು. ನೀರಿಗಾಗಿ ಗುಡ್ಡದೊಳಗೆ ಕೊರೆಯುವ ನಮ್ಮ ಕಡೆಯ ಸುರಂಗ, ತೋಟದ ಕೆಲಸ, ಹಳೇ ಅಡುಗೆ ಅಂತ ಕನ್ನಡದಲ್ಲಿ ಯೂಟ್ಯೂಬ್ ವಿಡಿಯೋ ಮಾಡುತ್ತಾನೆ. ಹೋದ ತಿಂಗಳು ಮೊದಲ ಸಲ ಬ್ಯಾಂಕಿಗೆ 9,000 ರೂಪಾಯಿ ಚಿಲ್ಲರೆ ಬಂತು. ಇವರು "ಮೊಬೈಲ್ ಹಿಡ್ಕೊಂಡು ತಿರುಗುವುದೂ ಒಂದು ಕೆಲಸವಾ?" ಅಂತ ದಿನಾ ಜಗಳ. ಮಗ ಈಗ ಊಟಕ್ಕೆ ಕೂತಾಗ ಬಾಯಿ ಬಿಡುವುದಿಲ್ಲ. ಮದುವೆ ಮನೆಗೆ ಹೋದರೆ ಎಲ್ಲರೂ "ಮಗ ಎಂತ ಮಾಡ್ತಾನೆ?" ಅಂತ ಕೇಳುತ್ತಾರೆ. ನನಗೆ ಏನು ಹೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ನಿಜವಾಗಿ ಇದು ಕೆಲಸವಾ? ಅಥವಾ ಸರ್ಕಾರಿ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆ ಬರೆ ಅಂತ ಕೂರಿಸುವುದಾ?
– ಒಬ್ಬ ತಾಯಿ, ಕಾಸರಗೋಡು ಜಿಲ್ಲೆ

ಉತ್ತರ: ಅಕ್ಕಾ, ಮೊದಲು ಉತ್ತರ ಹೇಳಿಬಿಡುತ್ತೇನೆ. ಇದು ಕೆಲಸ ಹೌದು. ಆದರೆ ನೌಕರಿ ಅಲ್ಲ. ಇವೆರಡೂ ಒಂದೇ ಅಂದುಕೊಂಡದ್ದರಿಂದಲೇ ನಿಮ್ಮ ಮನೆಯಲ್ಲಿ ಜಗಳ ಹತ್ತಿಕೊಂಡಿದೆ. ಮಗ "ನಾನು ಕೆಲಸ ಮಾಡುತ್ತಿದ್ದೇನೆ" ಅನ್ನುತ್ತಾನೆ, ಅದು ಸರಿ. ಅವನ ಅಪ್ಪ "ಹಾಗಾದರೆ ಸಂಬಳ ಎಲ್ಲಿ?" ಅಂತ ಕೇಳುತ್ತಾರೆ, ಅದೂ ಸರಿ. ಆದರೆ ಸ್ವಂತ ಕಸುಬಿಗೆ ಸಂಬಳದ ಚೀಟಿ ಇರುವುದಿಲ್ಲ. ಲೆಕ್ಕದ ಪುಸ್ತಕ ಇರುತ್ತದೆ. ನೀವು ಮಗನ ಹತ್ತಿರ ಕೇಳಬೇಕಾದದ್ದು ಆ ಪುಸ್ತಕವನ್ನು.

ನಾನು ಕಾಸರಗೋಡು ಪೇಟೆಯಲ್ಲಿ ಕೂತು 22 ವರ್ಷದಿಂದ ಆದಾಯ ತೆರಿಗೆಯ ಲೆಕ್ಕ ಮಾಡಿಕೊಡುತ್ತಿದ್ದೇನೆ. ಅಡಿಕೆ ವ್ಯಾಪಾರಿಗಳು, ಬೇಕರಿಯವರು, ಗಲ್ಫ್‌ನಿಂದ ವಾಪಸು ಬಂದು ಅಂಗಡಿ ಇಟ್ಟವರು ಬರುತ್ತಾರೆ. ಐದಾರು ವರ್ಷದಿಂದ ವಿಡಿಯೋ ಮಾಡುವ ಹುಡುಗ ಹುಡುಗಿಯರೂ ಬರಲು ಶುರು ಮಾಡಿದ್ದಾರೆ. ಹಾಗಾಗಿ ಇದನ್ನು ನಾನು ಫೋನಿನ ಪರದೆಯ ಮೇಲೆ ನೋಡಿದ್ದಕ್ಕಿಂತ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನೋಡಿದ್ದು ಜಾಸ್ತಿ.

ಆದರೆ ಇದು ಎಂಥ ಕೆಲಸ ಅಂತ ನನಗೆ ತಿಳಿದದ್ದು ಪಾಸ್‌ಬುಕ್ಕಿನಿಂದ ಅಲ್ಲ. ಎರಡು ವರ್ಷದ ಹಿಂದೆ ಮುಳ್ಳೇರಿಯ ಕಡೆಯ ಒಬ್ಬ ಹುಡುಗ ರಿಟರ್ನ್ ಹಾಕಿಸಲು ಬಂದಿದ್ದ. ಮಧ್ಯಾಹ್ನ ಕರೆಂಟ್ ಹೋಯಿತು. ಸುಮ್ನೆ ಕೂರುವುದು ಬೇಡ ಅಂತ ಅವನು ಲ್ಯಾಪ್‌ಟಾಪ್ ತೆಗೆದು ತನ್ನ ಕೆಲಸ ಮುಂದುವರಿಸಿದ. ನಾನು ಪಕ್ಕದಲ್ಲಿ ಕೂತು ನೋಡಿದೆ. ಅಡಿಕೆ ಸುಲಿಯುವುದರ ಬಗ್ಗೆ 11 ನಿಮಿಷದ ವಿಡಿಯೋ. ಅದಕ್ಕೆ ಅವನು ಚಿತ್ರೀಕರಿಸಿಕೊಂಡು ಬಂದದ್ದು ನಾಲ್ಕೂವರೆ ಗಂಟೆ. ಒಬ್ಬರು ಅಜ್ಜಿ ಚಾಲಿ ಅಡಿಕೆ ಸುಲಿಯುತ್ತಾ ತನ್ನ ಮದುವೆಯಾದ ಹೊಸತರ ಕಥೆ ಹೇಳುತ್ತಿದ್ದಾರೆ. ಮಾತಿನ ನಡುವೆ ಒಂದು ಲಾರಿಯ ಹಾರನ್. ಅಲ್ಲಿ ಕತ್ತರಿಸಿದರೆ ಅಜ್ಜಿಯ ಮಾತು ತುಂಡಾಗುತ್ತದೆ. ಹಾಗೇ ಬಿಟ್ಟರೆ ಕೇಳುವವರಿಗೆ ಕಿರಿಕಿರಿ. ಅವನು ಅಜ್ಜಿಯ ಕೈ ಮಾತ್ರ ಕಾಣುವ ಬೇರೆ ತುಣುಕು ಹುಡುಕಿದ. ಹಾರನ್ ಇದ್ದ ಜಾಗವನ್ನು ಅದರಿಂದ ಮುಚ್ಚಿದ. ಅಡಿಯಲ್ಲಿ ಅಡಿಕೆ ಸುಲಿಯುವ ಸದ್ದನ್ನು ತಂದು ಕೂರಿಸಿದ. ಆ ಸದ್ದನ್ನು ಹಿಡಿಯಲು ಅವನು ರಾತ್ರಿ ಹತ್ತು ಗಂಟೆಗೆ, ರಸ್ತೆ ಶಾಂತವಾದ ಮೇಲೆ, ಮತ್ತೊಮ್ಮೆ ಆ ಮನೆಗೆ ಹೋಗಿದ್ದನಂತೆ. ಎಂಟು ಸೆಕೆಂಡಿನ ಜಾಗ ಅದು. ಮುಕ್ಕಾಲು ಗಂಟೆ ಹಿಡಿಯಿತು. ಕರೆಂಟ್ ಬಂದದ್ದೂ ಅವನಿಗೆ ಗೊತ್ತಾಗಲಿಲ್ಲ.

ಮೊಬೈಲ್ ಹಿಡಿದು ತಿರುಗುವುದು ಅಂತ ನಮಗೆ ಕಾಣುವುದು ಇದರ ಕಾಲು ಭಾಗ ಮಾತ್ರ. ಉಳಿದದ್ದು ಕೋಣೆಯೊಳಗೆ, ಬಾಗಿಲು ಹಾಕಿಕೊಂಡು ನಡೆಯುತ್ತದೆ. ಅದಕ್ಕೇ ಮನೆಯವರಿಗೆ ಅವನು ಮಲಗಿದ್ದಾನೆ ಅಂತಲೋ, ಸುಮ್ನೆ ಸಿನಿಮಾ ನೋಡುತ್ತಿದ್ದಾನೆ ಅಂತಲೋ ಅನಿಸುತ್ತದೆ. ನೀವು ಒಂದು ದಿನ ಒಂದು ಗಂಟೆ ಅವನ ಪಕ್ಕ ಕೂತು ನೋಡಿ ಅಕ್ಕ. ಏನೂ ಕೇಳಬೇಡಿ. ನೋಡಿ ಸಾಕು.

ಇನ್ನೊಂದು ಮಾತು. ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸತಲ್ಲ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು. ಯಕ್ಷಗಾನಕ್ಕೆ ನಮ್ಮಲ್ಲಿ ಆಟ ಅನ್ನುತ್ತಾರೆ. ದೀಪಾವಳಿ ಕಳೆದು ಮೇಳ ಹೊರಟರೆ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ತಿರುಗಾಟ. ಆಮೇಲೆ ಮಳೆಗಾಲ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆ ಮನೆಗೆ ಹೋಗುತ್ತಾರೆ. ಕೆಲವರು ತೋಟದ ಕೆಲಸಕ್ಕೆ ಇಳಿಯುತ್ತಾರೆ. ನನ್ನ ಸೋದರಮಾವ ಮೇಳದಲ್ಲಿ ವೇಷ ಮಾಡುತ್ತಿದ್ದರು. ಅವರಿಗೆ ಹೆಣ್ಣು ಕೇಳಲು ಹೋದಾಗ "ಆಟ ಅಲ್ಲದೆ ಬೇರೆ ಎಂತ ಕೆಲಸ?" ಅಂತ ಕೇಳಿದ್ದರಂತೆ. ನನ್ನ ಅಮ್ಮ ಈಗಲೂ ಆ ಮಾತು ಹೇಳಿ ಬೇಸರ ಮಾಡಿಕೊಳ್ಳುತ್ತಾರೆ. ರಾತ್ರಿಯಿಡೀ ಕುಣಿದು, ಬೆಳಿಗ್ಗೆ ಬಣ್ಣ ತೆಗೆದು, ಅದೇ ದಿನ ಮುಂದಿನ ಊರಿಗೆ ಹೊರಡುವ ಮನುಷ್ಯನಿಗೆ ಕೇಳಿದ ಪ್ರಶ್ನೆ ಅದು!

ಮಾವನ ಹತ್ತಿರ ಒಂದು ಸಣ್ಣ ಪುಸ್ತಕ ಇತ್ತು. ಎಷ್ಟು ಆಟ ಆಯಿತು, ಕೈಗೆ ಎಷ್ಟು ಸಿಕ್ಕಿತು, ಮನೆಗೆ ಎಷ್ಟು ಕಳಿಸಿದ್ದು, ಮಳೆಗಾಲಕ್ಕೆ ಅಂತ ಎಷ್ಟು ತೆಗೆದಿಟ್ಟದ್ದು, ಎಲ್ಲ ಅದರಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತಿತ್ತು. ನಾನು ಜೀವನದಲ್ಲಿ ನೋಡಿದ ಮೊದಲ ಲೆಕ್ಕದ ಪುಸ್ತಕ ಅದೇ. ಆ ಪುಸ್ತಕದಿಂದಲೇ ಅವರು ಎರಡು ಮಕ್ಕಳನ್ನು ಓದಿಸಿದರು.

ಈಗ ದುಡ್ಡಿನ ವಿಷಯ. ಇಲ್ಲಿ ನಿಧಾನವಾಗಿ ಹೋಗೋಣ, ನಿಮ್ಮ ಯಜಮಾನರ ಸಂಶಯ ಎಲ್ಲ ಇರುವುದು ಇಲ್ಲೇ.

ಯೂಟ್ಯೂಬ್ ಶುರುವಾದದ್ದು 2005ರಲ್ಲಿ. ವಿಡಿಯೋ ಮಾಡಿದವರಿಗೆ ಜಾಹೀರಾತಿನ ಹಣದಲ್ಲಿ ಪಾಲು ಕೊಡಲು ಶುರು ಮಾಡಿದ್ದು 2007ರಲ್ಲಿ. ಆ ಪಾಲು ಎಲ್ಲರಿಗೂ ಸಿಗುವುದಿಲ್ಲ. 1,000 ಜನ ಸಬ್‌ಸ್ಕ್ರೈಬ್ ಮಾಡಿರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ವಿಡಿಯೋ ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್ ಅನ್ನುವ ಚಿಕ್ಕ ವಿಡಿಯೋಗಳಿಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ನಿಮ್ಮ ಮಗನಿಗೆ ಜಾಹೀರಾತಿನ ಹಣ ಬಂದಿದೆ ಅಂದರೆ ಅವನು ಈ ಹೊಸಿಲು ದಾಟಿದ್ದಾನೆ. ಪೆರ್ಲದಲ್ಲಿ ಕೂತು, ಕನ್ನಡದಲ್ಲಿ, ಸುರಂಗದ ವಿಷಯ ಹೇಳಿ 4,000 ಗಂಟೆ ಜನರನ್ನು ಕೂರಿಸುವುದು ಸಣ್ಣ ಮಾತಲ್ಲ. ಇದನ್ನು ಅವನ ಅಪ್ಪನಿಗೆ ಹೇಳಿ.

ದೊಡ್ಡ ವಿಡಿಯೋದ ಮೇಲೆ ಬರುವ ಜಾಹೀರಾತಿನ ಹಣದಲ್ಲಿ ನೂರಕ್ಕೆ 55 ಮಾಡಿದವರಿಗೆ. ಶಾರ್ಟ್ಸ್‌ನಲ್ಲಿ ನೂರಕ್ಕೆ 45. ಖಾತೆಯಲ್ಲಿ 100 ಡಾಲರ್ ತುಂಬಿದ ಮೇಲೆಯೇ ಹಣ ಕಳಿಸುತ್ತಾರೆ, ಅದೂ ತಿಂಗಳ 21ರಿಂದ 26ರ ಒಳಗೆ. ಹಾಗಾಗಿ ನಿಮಗೆ ಬಂದ ಆ 9,000 ಒಂದು ತಿಂಗಳ ದುಡಿಮೆ ಆಗಿರಲಿಕ್ಕಿಲ್ಲ. ಹಲವು ತಿಂಗಳು ಹನಿ ಹನಿ ಕೂಡಿ 100 ಡಾಲರ್ ಮುಟ್ಟಿದಾಗ ಒಟ್ಟಿಗೆ ಬಂದದ್ದಿರಬೇಕು. ಮುಂದಿನ ತಿಂಗಳು ಏನೂ ಬರದಿದ್ದರೆ "ನಿಂತೇ ಹೋಯಿತು" ಅಂತ ಗಾಬರಿಯಾಗಬೇಡಿ. ಹಾಗೆಯೇ ತಿಂಗಳಿಗೆ 9,000 ಅಂತ ಲೆಕ್ಕ ಹಾಕಿ ಸಾಲ ಮಾಡಲೂ ಬೇಡಿ.

ಇದರಲ್ಲಿ ನೀವು ಕಲಿಯಬೇಕಾದ ಮಾತು ಆರ್‌ಪಿಎಂ. ಸಾವಿರ ವೀಕ್ಷಣೆಗೆ, ಯೂಟ್ಯೂಬ್ ತನ್ನ ಪಾಲು ಹಿಡಿದುಕೊಂಡ ಮೇಲೆ, ಕೈಗೆ ಬರುವ ಹಣ. ಅದು ವಿಷಯ, ಭಾಷೆ, ನೋಡುವವರ ದೇಶ, ತಿಂಗಳು ನೋಡಿ ಬದಲಾಗುತ್ತದೆ. ಲೆಕ್ಕ ಅರ್ಥವಾಗಲಿ ಅಂತ 40 ರೂಪಾಯಿ ಅಂತಿಟ್ಟುಕೊಳ್ಳಿ. ಆಗ ಒಂದು ಲಕ್ಷ ವೀಕ್ಷಣೆಗೆ 4,000 ರೂಪಾಯಿ. ಮಂಗಳೂರಿನ ಆ 16,000 ಸಂಬಳಕ್ಕೆ ಸಮ ಬರಲು ತಿಂಗಳಿಗೆ 4 ಲಕ್ಷ ವೀಕ್ಷಣೆ ಬೇಕು, ಅದೂ ಪ್ರತಿ ತಿಂಗಳು. ಮಗನ ಫೋನಿನಲ್ಲಿ ಯೂಟ್ಯೂಬ್ ಸ್ಟುಡಿಯೋ ಅಂತ ಒಂದು ಆ್ಯಪ್ ಉಂಟು. ಅವನ ನಿಜವಾದ ಆರ್‌ಪಿಎಂ ಅದರಲ್ಲೇ ಕಾಣುತ್ತದೆ. ಮೂವರೂ ಕೂತು ನಾನು ಹಾಕಿದ ಲೆಕ್ಕವನ್ನು ಆ ಅಂಕಿಯಿಂದ ಮತ್ತೊಮ್ಮೆ ಹಾಕಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ, ಯಾಕೆಂದರೆ ಆಮೇಲೆ ಮಾತಾಡುವುದು ಅಂಕಿಯ ಮೇಲೆ.

ನಮ್ಮ ಕಡೆಯವರಿಗೆ ಒಂದು ಅನುಕೂಲ ಉಂಟು. ದುಬೈ, ಬಹರೈನ್, ಕತಾರ್‌ನಲ್ಲಿ ಕೂತು ಊರಿನ ವಿಡಿಯೋ ಹುಡುಕುವವರು ಜಾಸ್ತಿ. ಅಲ್ಲಿಂದ ನೋಡುವವರಿಗೆ ತೋರಿಸುವ ಜಾಹೀರಾತಿನ ದರ ಸಾಮಾನ್ಯವಾಗಿ ನಮ್ಮ ದೇಶದ್ದಕ್ಕಿಂತ ಹೆಚ್ಚು. ದರಕ್ಕೆ ಮಳೆಗಾಲವೂ ಉಂಟು. ದಸರಾ, ದೀಪಾವಳಿಯಿಂದ ಡಿಸೆಂಬರ್‌ವರೆಗೆ ಏರುತ್ತದೆ, ಜನವರಿಯಲ್ಲಿ ಬೀಳುತ್ತದೆ. ಅಷ್ಟೇ ವೀಕ್ಷಣೆ, ಆದರೆ ಹಣ ಕಡಿಮೆ. ಮಾವನ ಪುಸ್ತಕದಲ್ಲಿದ್ದ ಆ "ಮಳೆಗಾಲಕ್ಕೆ" ಅನ್ನುವ ಸಾಲು ಇವನ ಪುಸ್ತಕದಲ್ಲೂ ಇರಲೇಬೇಕು.

ನಿಮ್ಮ ಮಗ ಸುರಂಗದ ವಿಡಿಯೋ ಮಾಡುವವನು, ಅವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗುಡ್ಡಕ್ಕೆ ಅಡ್ಡಡ್ಡ ಕೊರೆದು ಒಳಗೆ ಹೋಗುವವರಿಗೆ ನೀರು ಎಷ್ಟು ದೂರದಲ್ಲಿ ಸಿಗುತ್ತದೆ ಅಂತ ಗೊತ್ತಿರುವುದಿಲ್ಲ. ಆದರೂ ಅವರಿಗೆ ಕೋಲಿನ ಲೆಕ್ಕದಲ್ಲಿ ಕೂಲಿ ಉಂಟು. ನೀರು ಸಿಗದಿದ್ದರೆ ನಷ್ಟ ಜಾಗದ ಯಜಮಾನನಿಗೆ. ಇವನ ಕೆಲಸದಲ್ಲಿ ಕೊರೆಯುವವನೂ ಇವನೇ, ಯಜಮಾನನೂ ಇವನೇ. ನೀರು ಸಿಗುವವರೆಗಿನ ಕೂಲಿ ಯಾರು ಕೊಡುವುದು? ಈಗ ನೀವು ಕೊಡುತ್ತಿದ್ದೀರಿ. ಅವನ ಊಟ, ಕರೆಂಟು, ಇಂಟರ್ನೆಟ್ಟು, ಬೈಕಿನ ಪೆಟ್ರೋಲು. ನಿಮ್ಮ ಪತ್ರದಲ್ಲಿ ಬಂದ ಹಣ ಎಷ್ಟು ಅಂತ ಉಂಟು, ಹೋದ ಹಣದ ಸುದ್ದಿ ಇಲ್ಲ. ಪುಸ್ತಕದ ಎಡಗಡೆ ಅದನ್ನೇ ಮೊದಲು ಬರೆಯಲಿ. ಫೋನು, ಮೈಕ್, ಸ್ಟ್ಯಾಂಡು, ಪೆಟ್ರೋಲು, ಡೇಟಾ, ಎಲ್ಲ. ಮನೆಯಲ್ಲಿ ಉಂಡದ್ದಕ್ಕೂ ತಿಂಗಳಿಗೆ ಒಂದು ಮೊತ್ತ ಹಾಕಲಿ. ನೀವು ಅದನ್ನು ವಸೂಲಿ ಮಾಡಬೇಕಾಗಿಲ್ಲ. ಆದರೆ ಬರೆದಿರಬೇಕು. ಹಾಗೆ ಬರೆದ ದಿನ ಅವನಿಗೂ ಇದು ಹವ್ಯಾಸ ಅಲ್ಲ, ಕಸುಬು ಅಂತ ಆಗುತ್ತದೆ.

ನಾನು ಲೆಕ್ಕ ಮಾಡಿಕೊಡುವವರಲ್ಲಿ ಮನೆ ನಡೆಸುವಷ್ಟು ದುಡಿಯುವ ಯಾರೂ ಜಾಹೀರಾತಿನ ಪಾಲು ಒಂದನ್ನೇ ನಂಬಿಕೊಂಡಿಲ್ಲ. ಅಡಿಕೆ ಮರಕ್ಕೆ ಕರಿಮೆಣಸು ಹಬ್ಬಿಸಿದ ಹಾಗೆ ಬೇರೆ ಬೇರೆ ಬೆಳೆ ಇಟ್ಟುಕೊಂಡಿದ್ದಾರೆ. ಒಬ್ಬಳು ನರ್ಸರಿಗಳಿಗೆ, ಹೋಂಸ್ಟೇಗಳಿಗೆ ವಿಡಿಯೋ ಮಾಡಿಕೊಡುತ್ತಾಳೆ. ಇನ್ನೊಬ್ಬ ದೇವಸ್ಥಾನದ ಬ್ರಹ್ಮಕಲಶ, ಮದುವೆಗಳನ್ನು ನೇರಪ್ರಸಾರ ಮಾಡುತ್ತಾನೆ. ಮತ್ತೊಬ್ಬ ತನ್ನ ಮನೆಯ ಹಲಸಿನ ಹಪ್ಪಳವನ್ನು ಅದೇ ಚಾನೆಲ್ ನೋಡುವವರಿಗೆ ಮಾರುತ್ತಾನೆ. ಅವನಿಗೆ ಹಪ್ಪಳದ ಹಣವೇ ಜಾಸ್ತಿ.

ಇದು ಯಾಕೆ ಬೇಕು ಅಂದರೆ, ಅಂಗಡಿ ಇರುವುದು ಬೇರೆಯವರ ಜಾಗದಲ್ಲಿ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಅದರಲ್ಲಿ ಲಕ್ಷಗಟ್ಟಲೆ ಜನರನ್ನು ಗಳಿಸಿದ್ದವರು ಬೆಳಿಗ್ಗೆ ಎದ್ದಾಗ ಸೊನ್ನೆಗೆ ಬಂದಿದ್ದರು. ತಪ್ಪು ಅವರದ್ದಲ್ಲ. ಯೂಟ್ಯೂಬ್ ಕೂಡ ಆಗಾಗ ನಿಯಮ ಬದಲಿಸುತ್ತದೆ. 2025ರ ಜುಲೈ 15ರಿಂದ, ಒಂದೇ ಅಚ್ಚಿನಲ್ಲಿ ರಾಶಿ ರಾಶಿ ತಯಾರಿಸಿದ ವಿಡಿಯೋಗಳಿಗೆ ಹಣ ಇಲ್ಲ ಅನ್ನುವ ನಿಯಮವನ್ನು ಇನ್ನಷ್ಟು ಸ್ಪಷ್ಟ ಮಾಡಿತು. ನಿಮ್ಮ ಮಗನಂತೆ ಸ್ವಂತ ಕಾಲಲ್ಲಿ ನಡೆದು, ಸ್ವಂತ ದನಿಯಲ್ಲಿ ಹೇಳುವವರಿಗೆ ಇದರಿಂದ ತೊಂದರೆ ಇಲ್ಲ. ಆದರೆ 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್, ಅಂದರೆ ಬೇರೆಯವರದ್ದನ್ನು ಕೇಳದೆ ಬಳಸಿದ್ದಕ್ಕೆ ಎಚ್ಚರಿಕೆ, ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಬೇರೆಯವರ ಹಾಡು, ಯಾರೋ ರೆಕಾರ್ಡ್ ಮಾಡಿದ ಆಟದ ತುಣುಕು ಎತ್ತಿ ಹಾಕುವುದು ಬೇಡವೇ ಬೇಡ. ಆಟ ಚಿತ್ರೀಕರಿಸುವುದಾದರೆ ಮೇಳದವರನ್ನು, ಭಾಗವತರನ್ನು ಕೇಳಿಯೇ ಮಾಡಲಿ. ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಕಾನೂನಿನ ಹಕ್ಕು ಉಂಟು. ದೈವಸ್ಥಾನಗಳಲ್ಲಂತೂ ಕೇಳದೆ ಕ್ಯಾಮೆರಾ ಹೊರಗೆ ತೆಗೆಯಲೇಬಾರದು. ಇದನ್ನು ನಾನು ಕಾನೂನಿಗೆ ಹೆದರಿ ಹೇಳುತ್ತಿಲ್ಲ.

ಸರ್ಕಾರ ಇದನ್ನು ಕೆಲಸ ಅಂತ ಒಪ್ಪುತ್ತದಾ ಅಂತ ನಿಮ್ಮ ಯಜಮಾನರು ಕೇಳಬಹುದು. ಒಪ್ಪಿದೆ. ಮೊದಲೆಲ್ಲ ಇಂಥವರ ರಿಟರ್ನ್ ಹಾಕುವಾಗ ವೃತ್ತಿಯ ಜಾಗದಲ್ಲಿ ಏನು ಆರಿಸುವುದು ಅಂತ ನನಗೇ ತಲೆಬಿಸಿ. "ಇತರೆ" ಅಂತ ಹಾಕುತ್ತಿದ್ದೆ. 2025ರಲ್ಲಿ ಬಂದ ಫಾರ್ಮ್‌ಗಳಲ್ಲಿ ಇವರಿಗೆ ಅಂತಲೇ ಒಂದು ಕೋಡ್ ಬಂತು, 16021. ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್ ಅಂತ ಅದರ ಹೆಸರು. ಕುಂಬಳೆಯ ಒಬ್ಬಳು ಹುಡುಗಿಗೆ ನಾನು ಮೊದಲು ಆ ಕೋಡ್ ಆರಿಸಿದ್ದು. ಅವಳು ಕುರ್ಚಿಯಿಂದ ಎದ್ದು ಬಂದು ಕಂಪ್ಯೂಟರ್ ಪರದೆಯ ಫೋಟೋ ತೆಗೆದುಕೊಂಡಳು. "ಅಮ್ಮನಿಗೆ ತೋರಿಸ್ಬೇಕು ಸರ್" ಅಂದಳು. ಅವಳ ಕಣ್ಣು ತುಂಬಿತ್ತು. ನಾಲ್ಕು ವರ್ಷ ದುಡಿದ ಮೇಲೆ ಅವಳ ಕೆಲಸಕ್ಕೆ ಒಂದು ಹೆಸರು ಸಿಕ್ಕಿತ್ತು. 2024ರ ಮಾರ್ಚ್ 8ರಂದು ದೆಹಲಿಯ ಭಾರತ ಮಂಟಪದಲ್ಲಿ ಪ್ರಧಾನಿಯವರು ವಿಡಿಯೋ ಮಾಡುವವರಿಗೆ ರಾಷ್ಟ್ರೀಯ ಪ್ರಶಸ್ತಿ ಕೊಟ್ಟದ್ದೂ ಉಂಟು. ಆದರೆ ನನಗೆ ಆ ಸಭೆಗಿಂತ ಈ ಐದು ಅಂಕಿಗಳೇ ದೊಡ್ಡದು.

ಹಾಗಾದರೆ ರಿಟರ್ನ್ ಹಾಕಬೇಕಾ? ಈಗಿನ ಆದಾಯಕ್ಕೆ ಕಾನೂನಿನ ಪ್ರಕಾರ ಬೇಕಾಗಿಲ್ಲ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. 12 ಲಕ್ಷದವರೆಗೂ ರಿಬೇಟ್, ಅಂದರೆ ತೆರಿಗೆಯ ಮಾಫಿ, ಸಿಗುವುದರಿಂದ ಕಟ್ಟುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ಆದರೂ ಹಾಕಿ ಅನ್ನುತ್ತೇನೆ. ನಾಳೆ ಬೈಕಿಗೋ ಕ್ಯಾಮೆರಾಗೋ ಸಾಲ ಕೇಳಲು ಹೋದರೆ ಬ್ಯಾಂಕಿನವರು ಮೊದಲು ಕೇಳುವುದು ಎರಡು ಮೂರು ವರ್ಷದ ರಿಟರ್ನ್. ಸಂಬಳದ ಚೀಟಿ ಇಲ್ಲದವನಿಗೆ ಅದೇ ಚೀಟಿ. ಜಿಎಸ್‌ಟಿ ಚಿಂತೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಇಲ್ಲ.

ಕೆಲವು ಸಣ್ಣ ಸಂಗತಿಗಳಲ್ಲಿ ನಮ್ಮ ಹುಡುಗರು ಹಣ ಕಳೆದುಕೊಳ್ಳುತ್ತಾರೆ. ಅಮೆರಿಕದ ತೆರಿಗೆ ಫಾರ್ಮ್ ಒಂದು. 2021ರಿಂದ ಅಮೆರಿಕದಲ್ಲಿ ನೋಡಿದವರಿಂದ ಬರುವ ಆದಾಯದ ಮೇಲೆ ಅಲ್ಲಿನ ತೆರಿಗೆ ಹಿಡಿಯುತ್ತಾರೆ. ಯೂಟ್ಯೂಬ್ ಹಣ ಬರುವ ಆ್ಯಡ್‌ಸೆನ್ಸ್ ಖಾತೆಯಲ್ಲಿ ಫಾರ್ಮ್ ತುಂಬಿ ಭಾರತದ ಪ್ಯಾನ್ ಕೊಟ್ಟರೆ ಆ ಭಾಗಕ್ಕೆ ಮಾತ್ರ ನೂರಕ್ಕೆ 15. ತುಂಬದಿದ್ದರೆ ಪ್ರಪಂಚದ ಎಲ್ಲ ಕಡೆಯ ಆದಾಯದಿಂದ ನೂರಕ್ಕೆ 24ರವರೆಗೆ ಹೋಗಬಹುದು. ನಿಮ್ಮ ಮಗ ಇದನ್ನು ಮಾಡಿದ್ದಾನಾ ಅಂತ ಇವತ್ತೇ ಕೇಳಿ. ಇನ್ನೊಂದು ವಿಳಾಸ. ಖಾತೆಗೆ 10 ಡಾಲರ್ ಬಂದಾಗ ವಿಳಾಸ ಖಚಿತ ಮಾಡಲು ಅಂಚೆಯಲ್ಲಿ ಒಂದು ಪಿನ್ ಕಳಿಸುತ್ತಾರೆ. ನಾಲ್ಕು ತಿಂಗಳಲ್ಲಿ ಅದನ್ನು ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ನಮ್ಮದು ಮನೆ ಹೆಸರು, ಅಂಚೆ, "ವಯಾ ಪೆರ್ಲ" ಅಂತ ಬರೆಯುವ ಊರು. ಅಂಚೆಯಣ್ಣನಿಗೆ ಗೊತ್ತಾಗುವ ಹಾಗೆ ಬರೆದವರಿಗೆ ಮಾತ್ರ ಆ ಕಾಗದ ಮುಟ್ಟುತ್ತದೆ. ನಿಮ್ಮ ಮಗನಿಗೆ ಹಣ ಬಂದಿದೆ ಅಂದರೆ ಇದು ದಾಟಿದೆ. ಬೇರೆಯವರ ಮಕ್ಕಳಿಗಾಗಿ ಹೇಳಿದೆ.

ಕಂಪನಿಗಳು ತಾವಾಗಿ ಹುಡುಕಿಕೊಂಡು ಬರಲು ಶುರುವಾದರೆ ಜಾಸ್ತಿ ಜಾಗ್ರತೆ ಬೇಕು. ನನ್ನ ಹತ್ತಿರ ಬರುವ ಒಬ್ಬನಿಗೆ ದೂರದ ಊರಿನ ಒಂದು ಕಂಪನಿ ಅಡುಗೆ ಎಣ್ಣೆ ಕಳಿಸಿ, ಮೂರು ವಿಡಿಯೋ ಮಾಡಿಸಿ, ಹಣದ ಮಾತು ಬಂದಾಗ ಫೋನ್ ಎತ್ತುವುದನ್ನೇ ನಿಲ್ಲಿಸಿತು. ಬರವಣಿಗೆಯಲ್ಲಿ ಏನೂ ಇರಲಿಲ್ಲ. ಅವನು ಎರಡು ತಿಂಗಳು ಅದೇ ಕೊರಗಿನಲ್ಲಿ ಹೊಸ ವಿಡಿಯೋ ಮಾಡಲಿಲ್ಲ. ಈಗ ಅರ್ಧ ಹಣ ಮೊದಲೇ ಬರದೆ ಕ್ಯಾಮೆರಾ ಮುಟ್ಟುವುದಿಲ್ಲ. ಹಾಗೆಯೇ ಇರಬೇಕು. ಹಣ ಕೊಡದೆ ಸಾಮಾನು ಕೊಟ್ಟರೂ ಅದು ಆದಾಯವೇ. ಒಬ್ಬರೇ ಒಂದು ವರ್ಷದಲ್ಲಿ ಕೊಟ್ಟ ಸಾಮಾನಿನ ಬೆಲೆ 20,000 ದಾಟಿದರೆ ನೂರಕ್ಕೆ 10 ಟಿಡಿಎಸ್, ಅಂದರೆ ಕೊಡುವವರೇ ಮೊದಲು ಹಿಡಿಯುವ ತೆರಿಗೆ, ಅಂತ 2022ರ ಜುಲೈ 1ರಿಂದ ನಿಯಮ ಉಂಟು. ವಾಪಸು ಕೊಟ್ಟುಬಿಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ದುಡ್ಡು ತೆಗೆದುಕೊಂಡು ಹೇಳುತ್ತಿದ್ದರೆ ಅದನ್ನು ವಿಡಿಯೋದಲ್ಲಿ ಹೇಳಲೇಬೇಕು, ಅದೂ ವಿಡಿಯೋ ಇರುವ ಭಾಷೆಯಲ್ಲೇ. ಕನ್ನಡದ ವಿಡಿಯೋಗೆ ಕನ್ನಡದಲ್ಲಿ "ಇದು ಜಾಹೀರಾತು" ಅಂತ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಉಂಟು. ಇಮೇಲ್‌ನಲ್ಲಿ "ನಮ್ಮ ಕಂಪನಿಯ ಒಪ್ಪಂದ, ಈ ಫೈಲ್ ತೆರೆಯಿರಿ" ಅಂತ ಬಂದರೆ ತೆರೆಯಬಾರದು. ಚಾನೆಲ್ ಕದಿಯುವವರು ಬರುವ ದಾರಿ ಅದೇ.

ಪಿಎಸ್‌ಸಿ ವಿಷಯ. ಬರೆಯಲಿ. ಕನ್ನಡ ಬಲ್ಲವರಿಗೆ ಅಂತಲೇ ನಮ್ಮ ಜಿಲ್ಲೆಯಲ್ಲಿ ಹುದ್ದೆಗಳಿವೆ, ಅದು ನಮ್ಮ ಹಿರಿಯರು ಹೋರಾಡಿ ಉಳಿಸಿಕೊಂಡ ಹಕ್ಕು. ನಮ್ಮ ಮಕ್ಕಳು ಬರೆಯದಿದ್ದರೆ ಅದೂ ಕೈ ತಪ್ಪುತ್ತದೆ. ಎಲ್‌ಡಿಸಿಯಂಥ ಗುಮಾಸ್ತರ ಹುದ್ದೆಗೆ ಸಾಮಾನ್ಯ ವರ್ಗದವರಿಗೂ 36 ವರ್ಷದವರೆಗೆ ಅವಕಾಶ ಉಂಟು. ಇವನಿಗೆ 24. ಆದರೆ "ಇದನ್ನು ಬಿಟ್ಟು ಅದನ್ನು ಓದು" ಅಂತ ಹೇಳಬೇಡಿ. ಬೆಳಿಗ್ಗೆ ಎರಡು ಗಂಟೆ ಓದಲಿ, ಉಳಿದ ಹೊತ್ತು ಇದು. ಒಂದು ವಿಷಯ ಮಾತ್ರ ಮೊದಲೇ ಗೊತ್ತಿರಲಿ. ಸರ್ಕಾರಿ ನೌಕರರು ಯೂಟ್ಯೂಬ್ ಚಾನೆಲ್‌ನಿಂದ ಹಣ ಗಳಿಸುವಂತಿಲ್ಲ, ಅದು ನಡತೆ ನಿಯಮಕ್ಕೆ ವಿರುದ್ಧ ಅಂತ 2023ರಲ್ಲಿ ಕೇರಳ ಸರ್ಕಾರ ಹೇಳಿದೆ. ಅಂದರೆ ಕೆಲಸ ಸಿಕ್ಕ ದಿನ ಅವನು ಎರಡರಲ್ಲಿ ಒಂದನ್ನು ಆರಿಸಬೇಕು. ಆ ದಿನ ಆರಿಸಬೇಕಾದವನು ಅವನು, ನೀವಲ್ಲ.

ನಾನು ಇನ್ನೊಂದು ಸ್ವಾರ್ಥದಿಂದಲೂ ಹೇಳುತ್ತಿದ್ದೇನೆ ಅಕ್ಕ. ಇಲ್ಲಿ ಮಲಯಾಳದಲ್ಲಿ ಮಾಡಿದರೆ ಜಾಸ್ತಿ ಜನ ನೋಡುತ್ತಾರೆ ಅಂತ ಅವನಿಗೆ ಯಾರಾದರೂ ಹೇಳಿಯೇ ಇರುತ್ತಾರೆ. ಬೇಕಾದರೆ ಅಡಿಯಲ್ಲಿ ಮಲಯಾಳದ ಸಬ್‌ಟೈಟಲ್ ಹಾಕಲಿ. ಮಾತು ಕನ್ನಡದಲ್ಲೇ ಇರಲಿ. ನಡುನಡುವೆ ತುಳು, ಹವ್ಯಕ, ಮರಾಠಿ ಯಾವುದು ಬರುತ್ತದೋ ಅದು ಬರಲಿ, ಮನೆಯಲ್ಲಿ ಬರುವ ಹಾಗೆ. ಸುರಂಗ ಕೊರೆಯಲು ಬಲ್ಲ ಕೈಗಳು ಈಗ ಕಡಿಮೆಯಾಗುತ್ತಿವೆ. ಬೋರ್‌ವೆಲ್ ಬಂದ ಮೇಲೆ ಹೊಸ ಸುರಂಗ ಕೊರೆಸುವವರು ಎಲ್ಲಿದ್ದಾರೆ? ಎಲ್ಲಿ ಗುದ್ದಲಿ ಹಾಕಬೇಕು ಅಂತ ಗಿಡ ನೋಡಿ, ಮಣ್ಣು ನೋಡಿ ಹೇಳುವ ಹಿರಿಯರ ಮಾತನ್ನು ಅವರದೇ ಭಾಷೆಯಲ್ಲಿ ಯಾರೋ ಹಿಡಿದಿಡಬೇಕಲ್ವಾ? ನಿಮ್ಮ ಮಗ ಅದನ್ನು ಯಾರೂ ಹೇಳದೆ ಮಾಡುತ್ತಿದ್ದಾನೆ. ಹಣದ ಪುಸ್ತಕದಲ್ಲಿ ಇದಕ್ಕೆ ಸಾಲು ಇಲ್ಲ, ನನಗೆ ಗೊತ್ತು.

ಇನ್ನು ಅವನ ಅಪ್ಪ. ಅವರ ಸಿಟ್ಟಿನ ಹಿಂದೆ ಹೆದರಿಕೆ ಉಂಟು. ಕೊಳೆರೋಗ ಬಂದ ವರ್ಷ ತೋಟದಲ್ಲಿ ನಿಂತು ನೋಡಿದವರಿಗೆ ತಿಂಗಳ ಸಂಬಳದ ಬೆಲೆ ಗೊತ್ತಿರುತ್ತದೆ. ಮಗನಿಗಾದರೂ ಈ ಕಷ್ಟ ಬೇಡ ಅಂತ ಓದಿಸಿದರು. ಅವನು ವಾಪಸು ಬಂದು ತೋಟಕ್ಕಿಂತಲೂ ನಂಬಿಕೆ ಇಲ್ಲದ ಕಸುಬು ಹಿಡಿದ. ಅಪ್ಪನ ಈ ಹೆದರಿಕೆಯನ್ನು ಮಗನಿಗೆ ನೀವು ಹೇಳಬೇಕು. ಆಮೇಲೆ ಒಂದು ಗಡುವು ಇಟ್ಟುಕೊಳ್ಳಿ. ಅದನ್ನು ಮಗನೇ ಹೇಳಲಿ. ಮುಂದಿನ ಪತ್ತನಾಜೆವರೆಗೆ ಅಂತಲೋ, 18 ತಿಂಗಳು ಅಂತಲೋ. ಅಷ್ಟರಲ್ಲಿ ಪುಸ್ತಕದ ಬಲಗಡೆಯ ಆದಾಯ ಎಡಗಡೆಯ ಖರ್ಚನ್ನು ದಾಟಬೇಕು. ದಾಟದಿದ್ದರೆ ವಿಡಿಯೋ ನಿಲ್ಲಿಸಬೇಕಾಗಿಲ್ಲ. ಅರ್ಧ ದಿನದ ಬೇರೆ ಕೆಲಸ ಹಿಡಿದು ಇದನ್ನು ಸಂಜೆಗೆ ಇಟ್ಟುಕೊಳ್ಳಲಿ. ಅಲ್ಲಿಯವರೆಗೆ ಮನೆಯಲ್ಲಿ ದಿನಾ ಆ ಪ್ರಶ್ನೆ ಏಳಬಾರದು. ಪ್ರತಿ ತಿಂಗಳು 26ರ ಮೇಲೆ ಒಂದು ಸಂಜೆ ಮೂವರೂ ಪುಸ್ತಕ ತೆರೆಯಿರಿ. ಬರೆಯುವುದು ಮಗ, ಕೂಡುವುದು ಅಪ್ಪ. ತೋಟದ ಲೆಕ್ಕ ಇಟ್ಟವರಿಗೆ ಇದು ಕಷ್ಟವಲ್ಲ.

ಮದುವೆ ಮನೆಯಲ್ಲಿ ಕೇಳಿದರೆ "ವಿಡಿಯೋ ಮಾಡ್ತಾನೆ, ಸ್ವಂತ ಕಸುಬು" ಅನ್ನಿ. ಅಷ್ಟೇ. ದುಡ್ಡು ಎಷ್ಟು ಬರುತ್ತದೆ ಅಂತ ಕೇಳಿದರೆ ಉತ್ತರ ಕೊಡಬೇಕಾಗಿಲ್ಲ, ಅಂಗಡಿ ಇಟ್ಟವರ ಅಮ್ಮನ ಹತ್ತಿರ ಯಾರೂ ಅದನ್ನು ಕೇಳುವುದಿಲ್ಲ. ಯಾರಾದರೂ ನಿಜವಾದ ಆಸಕ್ತಿಯಿಂದ "ಎಂಥ ವಿಡಿಯೋ?" ಅಂತ ಕೇಳಿದರೆ, ಫೋನ್ ತೆಗೆದು ಆ ಸುರಂಗದ್ದು ತೋರಿಸಿ. ನೀವು ಅದನ್ನು ಮೊದಲು ಕೊನೆಯವರೆಗೆ ನೋಡಿದ್ದೀರಾ?